ಬಿಳಿಗುಡ್ಡದ ಒಸರಮ್ಮ ಗೋಡೆಯನ್ನೇರಿದ ಮಹಿಮೆ

ಕಲಿಯುಗವು ಇನ್ನೂ ಅಂಬೆಗಾಲಿಡುತ್ತಿದ್ದ ಪುರಾತನ ಕಾಲದಲ್ಲಿ, ನಮ್ಮ ಈ ಬಿಳಿಗುಡ್ಡ ಕ್ಷೇತ್ರದಲ್ಲಿ ಸಿಂಗೋಜನೆಂಬ ಗಾರೆಕುಶಲನು ಪತ್ನಿ ಚಂದವ್ವೆಯೊಡನೆ ವಾಸವಾಗಿದ್ದು, ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದ್ದ ಜಗನ್ಮಾತೆ ಒಸರಮ್ಮನಿಗೆ, ಅವಳ ಸನ್ನಿಧಿಯಲ್ಲಿ ಒಸರುವ ನೀರಿನ ಬುಗ್ಗೆಯ ಮಗ್ಗುಲಲ್ಲೇ ಇಟ್ಟಿಗೆಯ ಗುಡಿಯನ್ನು ಕಟ್ಟಿ, ಹಿಂಗೋಡೆಗೆ ಒರಗಿಸಿ ದೇವಿಯನ್ನು ಪ್ರತಿಷ್ಠಾಪಿಸಿದನು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಚಂದವ್ವೆ ಅರೆದುಕೊಟ್ಟ ಸುಣ್ಣದ ಗಾರೆಯನ್ನು ಅವನು ಏಳು ಪದರ ಬಳಿದು ಕನ್ನಡಿಯಂತೆ ಉಜ್ಜಿದನು. ಅಂಥ ಕೆಲಸ ಸುತ್ತಲ ಸೀಮೆಯಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ!

ಆದರೆ ಮಳೆಗಾಲ ಬರುತ್ತಲೇ ಬುಗ್ಗೆಯ ಜಲವು ಇಟ್ಟಿಗೆಗಳ ಸೂಕ್ಷ್ಮರಂಧ್ರಗಳನ್ನು ಹಿಡಿದು, ಎಣ್ಣೆಯು ಬತ್ತಿಯನ್ನೇರುವಂತೆ ಊರ್ಧ್ವಮುಖವಾಗಿ ಏರಿ, ದೇವಿಯ ಪಾದದ ಮಟ್ಟದಲ್ಲಿ ಗಾರೆಯನ್ನು ಉಬ್ಬಿಸಿತು. ಮರುವರ್ಷವೂ ತೇವ ಕಂಡರೆ ಗಾರೆ ಬಳಿಯುವ ಕರಣಿಯನ್ನು ಬುಗ್ಗೆಗೆಸೆದು ಕುಲಕಸುಬನ್ನೇ ತ್ಯಜಿಸುವೆನೆಂದು ಪ್ರತಿಜ್ಞೆಗೈದ ಸಿಂಗೋಜನು, ಹಠದಿಂದ ಒಳಹೊರಗೆ ಮತ್ತೆ ಏಳು ಪದರ ಬಳಿದನು. ಮರುವರ್ಷ ತೇವವು ದೇವಿಯ ಭುಜಕ್ಕೇರಿತು.

ಕರಣಿ ಹಿಡಿದು ಬುಗ್ಗೆಯತ್ತ ನಡೆದ ಪತಿಗೆ ಚಂದವ್ವೆ ಅಡ್ಡನಿಂತು, "ಕರಣಿ ಒಗದ ಮ್ಯಾಲ ನಿಮ್ಮ ಕೈಗೆ ಏನ್ ಕೆಲ್ಸ ಕೊಡ್ಲಿ? ಮೊದ್ಲ ಅವ್ವನ್ನ ಕೇಳ್ರಿ!" ಎಂದು ಗದರಲು, ಅವನು ಗರ್ಭಗುಡಿಯಲ್ಲಿ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತನು.

ಆಗ ದೇವಿಯು, "ಎಲೈ ಸಿಂಗೋಜ, ನನ್ನ ಪಾದ ತೊಳೆಯಲೆಂದೇ ಬುಗ್ಗೆಯನ್ನು ಕರೆದೆನು. ನೀನು ಗೋಡೆಯ ಉಸಿರು ಕಟ್ಟಿಸಿದೆ. ಹೊರಬೀಳಲು ದಾರಿ ಕಾಣದ ನೀರು ಮೇಲೇರಿತು. ಎಸೆಯಲು ಹೊರಟ ಕರಣಿಯಿಂದಲೇ ಗಾರೆಯನ್ನು ಕೆರೆ" ಎಂದು ಅಪ್ಪಣೆ ಕೊಡಿಸಿದಳು.

ತನ್ನ ಜೀವಮಾನದ ಶ್ರೇಷ್ಠ ಕೆಲಸವನ್ನು ಆ ಮಹಾನುಭಾವನು ತನ್ನ ಕೈಯಾರೆ ಕೆರೆದು ಕೆಡವಿದನು! ಗೋಡೆ ಉಸಿರಾಡಿತು, ನೀರು ದಿನೇ ದಿನೇ ಇಳಿದು ಪಾದದ ಬಳಿ ನಿಂತಿತು.

ಆ ತೇವದ ಗೆರೆಯನ್ನು ಭಕ್ತಾದಿಗಳು ಇಂದಿಗೂ ಕಣ್ಣಾರೆ ಕಾಣಬಹುದು. ಗೋಡೆಗೆ ಸಿಮೆಂಟು ಮೆತ್ತಿಸಿಕೊಡುವೆವೆಂದು ಬಂದ ಮಹನೀಯರನ್ನು ನಾವು ಪ್ರಸಾದ ಕೊಟ್ಟು ಸಾಗಹಾಕಿದ್ದೇವೆ. ಸಿಂಗೋಜನ ಕರಣಿಯು ದೇವಿಯ ಪಾದದಡಿ, ಆ ಒದ್ದೆಯಲ್ಲೇ, ಕೆಂಪಗೆ ತುಕ್ಕು ಹಿಡಿದು ಕುಳಿತಿದೆ. ಬೇರೆ ಕ್ಷೇತ್ರಗಳಲ್ಲಿ ಹಣೆಗೆ ಕುಂಕುಮವಿಡುತ್ತಾರೆ. ನಮ್ಮಲ್ಲಿ, ಬಂದವರು ಎಷ್ಟೇ ದೊಡ್ಡವರಿರಲಿ, ಆ ತುಕ್ಕಿನ ಬೊಟ್ಟನ್ನೇ ಇಡುತ್ತೇವೆ.