ಗೋಡೆಯಾಚೆಯವನಿಗೆ ಹೇಳಬೇಕಿದ್ದ ಮಾತು

"ಗುರುಗಳೇ, ತುರ್ಕ ಎಂದರೆ ಯಾರು?" ಎಂದು ಶಿಷ್ಯ ಕೇಳಿದ.

ಸಾಲಿಹ್ ಹೋಜಾ ಅಂಗಳದಲ್ಲಿ ಕೂತು ಅಕ್ರೋಟು ಒಡೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಬೆಳಿಗ್ಗೆ ಬೆಳಿಗ್ಗೆ ಇದೆಂಥ ಪ್ರಶ್ನೆಯಯ್ಯಾ? ಯಾರಾದರೂ ಕೇಳಿದರೋ, ಇಲ್ಲ ನಿನ್ನ ತಲೆಯಲ್ಲೇ ಹುಟ್ಟಿತೋ?"

ಶಿಷ್ಯನ ಹೆಸರು ನೆಜ್ಮಿ. ಹೆಂಡತಿ ಮಕ್ಕಳಿರುವ ಸಂಸಾರಸ್ಥ. ಅವನು ನಡೆದದ್ದನ್ನು ಹೇಳಿದ. ಅವನ ಪಕ್ಕದ ಮನೆಯಲ್ಲಿ ಗ್ರೀಸಿನ ಕ್ರೀಟ್ ದ್ವೀಪದಿಂದ ಬಂದು ನೆಲೆಸಿದ ಒಂದು ಕುಟುಂಬವಿತ್ತು. ಆ ಮನೆಯ ಮುದುಕ ಸಾವಿನ ಹಾಸಿಗೆಯಲ್ಲಿದ್ದ. ಸಾಯುವವನು, ಇಲ್ಲವೇ ದೂರ ದೇಶಕ್ಕೆ ಹೊರಟವನು, ನೆರೆಹೊರೆಯವರನ್ನು ಕಂಡು "ನನ್ನಿಂದ ನಿಮಗೆ ಅನ್ಯಾಯವಾಗಿದ್ದರೆ ಬಿಟ್ಟುಕೊಡಿ, ನಿಮ್ಮ ಹಕ್ಕನ್ನು ಹೆಲಾಲ್ ಮಾಡಿ" ಎಂದು ಕೇಳಿಕೊಳ್ಳುವುದು ತುರ್ಕಿ ನಾಡಿನ ಪದ್ಧತಿ. ಕೇಳಿಸಿಕೊಂಡವರು "ಹೆಲಾಲ್ ಆಗಲಿ" ಎನ್ನಬೇಕು. ಅಂದರೆ ಇಬ್ಬರ ನಡುವೆ ಇನ್ನೇನೂ ಉಳಿಯಲಿಲ್ಲ ಎಂದು ಅರ್ಥ. ಮುದುಕನ ಸೊಸೆ ಆ ಬೆಳಿಗ್ಗೆ ನೆಜ್ಮಿಯ ಬಾಗಿಲಿಗೆ ಬಂದು ಸನ್ನೆ ಮಾಡಿ ಕರೆದಿದ್ದಳು. ನೆಜ್ಮಿ ಹೋಗಿರಲಿಲ್ಲ.

"ಅವನ ಆಡು ನನ್ನ ಸೊಪ್ಪಿನ ಮಡಿಯನ್ನೆಲ್ಲ ಮೇಯ್ದು ಹಾಳು ಮಾಡಿತು, ಗುರುಗಳೇ. ಕೇಳಲು ಹೋದರೆ ಗ್ರೀಕ್ ಭಾಷೆಯಲ್ಲಿ ಏನೋ ಬಡಬಡಿಸಿದ. ನಮಾಜು ಮಾಡುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಬಾಯಿ ಬಿಟ್ಟರೆ ಗ್ರೀಕ್. ಇಷ್ಟು ವರ್ಷವಾದರೂ ನಮ್ಮ ಭಾಷೆಯ ಒಂದು ಮಾತು ಕಲಿಯಲಿಲ್ಲ. ಅಂಥವನು ತುರ್ಕ ಹೇಗಾಗುತ್ತಾನೆ? ತುರ್ಕನಲ್ಲದವನಿಗೆ ನಾನು ಹೆಲಾಲ್ ಹೇಳುವುದು ಹೇಗೆ?"

"ಹಾಗೋ," ಎಂದರು ಹೋಜಾ. "ಆಡಿನ ಸಿಟ್ಟನ್ನು ಭಾಷೆಯ ಮೇಲೆ ಹಾಕಿದ್ದೀಯ. ಇರಲಿ. ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ."

ಅವರು ಹೇಳತೊಡಗಿದರು.

ಬೆಟ್ಟದ ಮೇಲೆ ಒಂದು ಊರು. ಅಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರ, ಒಬ್ಬ ಕಲ್ಲುಕುಟಿಗ. ಬೆಳೆಗಾರ ಮಸೀದಿಗೆ ಹೋಗುತ್ತಿದ್ದ, ಕಲ್ಲುಕುಟಿಗ ಚರ್ಚಿಗೆ ಹೋಗುತ್ತಿದ್ದ. ಅದೊಂದು ಬಿಟ್ಟರೆ ಇಬ್ಬರಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಬ್ಬರೂ ತೊಟ್ಟಿಲಲ್ಲಿ ಕೇಳಿದ ಲಾಲಿ ತುರ್ಕಿ ಭಾಷೆಯದು, ಬೀದಿಯಲ್ಲಿ ಕಲಿತ ಬೈಗುಳ ತುರ್ಕಿ ಭಾಷೆಯದು. ಕಲ್ಲುಕುಟಿಗ ಶಿಲುಬೆಯ ಮುಂದೆ ಮಂಡಿಯೂರಿ ದೇವರನ್ನು ಬೇಡುತ್ತಿದ್ದದ್ದೂ ತುರ್ಕಿಯಲ್ಲೇ. ದೇವರಿಗೆ ಅರ್ಥವಾಗುತ್ತಿತ್ತು, ಅವನೇನೂ ದೂರು ಹೇಳಲಿಲ್ಲ.

ಇಬ್ಬರ ದ್ರಾಕ್ಷಿ ತೋಟ ಅಕ್ಕಪಕ್ಕ. ನಡುವೆ ಒಂದು ಗೋಡೆ ಬೇಕಾಯಿತು. ಕಲ್ಲುಕುಟಿಗ ಕಟ್ಟಿದ. ಕಟ್ಟಿ ಮುಗಿದ ಮೇಲೆ ಬೆಳೆಗಾರ ಬಂದು ನೋಡಿ, ಗೋಡೆ ಒಂದು ಗೇಣು ನನ್ನ ಕಡೆಗೆ ಬಂದಿದೆ ಎಂದ. ಬಂದಿಲ್ಲ ಎಂದ ಇವನು. ಬಂದಿದೆ ಎಂದ ಅವನು. ಒಂದು ಗೇಣು ನೆಲದಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ ನೆಜ್ಮಿ, ಜಗಳ ಮಾತ್ರ ಸೊಂಪಾಗಿ ಬೆಳೆಯುತ್ತದೆ.

ದುಡಿಯುತ್ತಿರುವವನನ್ನು ಕಂಡರೆ "ಕೆಲಸ ಹಗುರಾಗಲಿ" ಎನ್ನದೆ ನಾವು ಮುಂದೆ ಹೆಜ್ಜೆ ಇಡುವುದಿಲ್ಲ. ಗುರುತಿಲ್ಲದವನಿಗೂ ಹೇಳುತ್ತೇವೆ. ಈ ಇಬ್ಬರು ಒಬ್ಬರಿಗೊಬ್ಬರು ಅದನ್ನೂ ಹೇಳುವುದು ಬಿಟ್ಟರು. ಒಳ್ಳೆಯ ಮಾತು ನಿಂತಿತು, ಕೆಟ್ಟ ಮಾತು ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಬೆಳೆಗಾರ ತೋಟಕ್ಕೆ ಬಂದು ಗೋಡೆಯ ಕಡೆ ತಿರುಗಿ ಬೈಯುತ್ತಿದ್ದ. ಆಚೆಯಿಂದ ಕಲ್ಲುಕುಟಿಗ ಅದಕ್ಕಿಂತ ಒಂದು ಕೈ ಮೇಲೆ ಬೈಯುತ್ತಿದ್ದ. ಆಮೇಲೆ ಇಬ್ಬರೂ ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಹೀಗೆ ವರ್ಷಗಳು ಕಳೆದವು.

ಆಗ ನಮ್ಮದು, ಗ್ರೀಸಿನದು, ಎರಡು ಸರ್ಕಾರಗಳು ಕೂತು ಜನರನ್ನು ಅದಲುಬದಲು ಮಾಡಿಕೊಂಡವು. ಮಸೀದಿಗೆ ಹೋಗುವವರು ತುರ್ಕರು, ಅವರು ಗ್ರೀಸಿನಿಂದ ಈಚೆಗೆ ಬರಬೇಕು. ಚರ್ಚಿಗೆ ಹೋಗುವವರು ಗ್ರೀಕರು, ಅವರು ಇಲ್ಲಿಂದ ಆಚೆಗೆ ಹೋಗಬೇಕು. ಮನೆಯಲ್ಲಿ ನೀವು ಯಾವ ಮಾತು ಆಡುತ್ತೀರಿ ಎಂದು ಯಾರನ್ನೂ ಯಾರೂ ಕೇಳಲಿಲ್ಲ. ನಿನ್ನ ಪಕ್ಕದ ಮನೆಯ ಮುದುಕನನ್ನು ಹಡಗು ಹತ್ತಿಸಿದ್ದೂ ಆ ಹುಕುಮೇ.

ಕಲ್ಲುಕುಟಿಗನಿಗೆ ಒಂದಕ್ಷರ ಗ್ರೀಕ್ ಬಾರದು. ಆದರೂ ಅವನು ಗ್ರೀಕನಾದ. ಹೊರಡುವ ಹಿಂದಿನ ದಿನ ಅವನು ಮನೆಮನೆಗೆ ಹೋಗಿ ಎಲ್ಲರಿಂದ ಹೆಲಾಲ್ ಪಡೆದ. ಮುದುಕಿಯರು ಅವನನ್ನು ತಬ್ಬಿಕೊಂಡು ಅತ್ತರು. ಕೊನೆಗೆ ಬೆಳೆಗಾರನ ಬಾಗಿಲು ತಟ್ಟಿದ.

"ಅಣ್ಣಾ, ನಾಳೆ ಹೊರಟೆ. ಇನ್ನು ನಿನ್ನ ಮುಖ ನಾನು ನೋಡುವುದಿಲ್ಲ, ನನ್ನ ಮುಖ ನೀನು ನೋಡುವುದಿಲ್ಲ. ನಿನ್ನ ಮೇಲೆ ನನ್ನ ಹಕ್ಕೇನಿದ್ದರೂ ಹೆಲಾಲ್ ಆಗಲಿ. ನಿನ್ನದನ್ನು ನೀನೂ ಹೆಲಾಲ್ ಮಾಡಿಬಿಡು."

ಬೆಳೆಗಾರನಿಗೆ ಗೋಡೆ ನೆನಪಾಯಿತು.

"ಅದು ತುರ್ಕರು ಆಡುವ ಮಾತು. ನೀನು ಗ್ರೀಕ ಎಂದು ಸರ್ಕಾರವೇ ಹೇಳಿದೆಯಲ್ಲ? ಹೋಗು, ನಿನ್ನ ಭಾಷೆಯಲ್ಲಿ ಕೇಳು."

ಇಷ್ಟು ವರ್ಷ ಬೈಗುಳಕ್ಕೆ ಬೈಗುಳ ಕೊಟ್ಟ ಕಲ್ಲುಕುಟಿಗನಿಗೆ ಈಗ ಬೈಯಲು ಆಗಲಿಲ್ಲ.

"ನನಗೆ ಬೇರೆ ಭಾಷೆ ಇಲ್ಲವಲ್ಲ ಅಣ್ಣಾ," ಎಂದ.

ಬೆಳೆಗಾರ ಬಾಗಿಲು ಹಾಕಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಬಂಡಿಗಳು ಹೊರಟವು. ಊರಿನ ಹೆಂಗಸರು ಪದ್ಧತಿಯಂತೆ ಬಂಡಿಗಳ ಹಿಂದೆ ನೀರು ಸುರಿದು, "ನೀರಿನಂತೆ ಹೋಗಿ, ನೀರಿನಂತೆ ಬನ್ನಿ" ಎಂದರು. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಬಂಡಿಯಲ್ಲಿದ್ದವರಿಗೂ ಗೊತ್ತಿತ್ತು. ಆದರೂ ಸುರಿದರು, ಆದರೂ ಹೇಳಿದರು. ಬೆಳೆಗಾರ ಮಾತ್ರ ಹೊರಗೆ ಬರಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಅವನು ತೋಟಕ್ಕೆ ಹೋದ. ಅಭ್ಯಾಸಬಲ, ಗೋಡೆಯ ಕಡೆ ತಿರುಗಿ ಒಂದು ಬೈಗುಳ ಬಿಟ್ಟ. ಆಚೆಯಿಂದ ಉತ್ತರ ಬರಲಿಲ್ಲ. ಇನ್ನೂ ಜೋರಾಗಿ ಬೈದ. ಒಂದು ಗುಬ್ಬಿ ಹಾರಿಹೋಯಿತು, ಅಷ್ಟೇ. ಬಳ್ಳಿ ಸವರುವ ಕತ್ತರಿ ಕೆಳಗಿಟ್ಟು ಮನೆಗೆ ಬಂದ. ಹೆಂಡತಿ ಸೂಪು ಬಡಿಸಿದಳು, ಕುಡಿಯಲಿಲ್ಲ. ರೊಟ್ಟಿ ಮುರಿದ, ನುಂಗಲು ಆಗಲಿಲ್ಲ.

ಹೆಂಡತಿ ಅವನ ಎದುರಿಗೆ ಕೂತಳು. ಅವಳದು ಮೊದಲೇ ಖಾರದ ಬಾಯಿ.

"ದೇವರಿಗೆ ಮಾಡಿದ ತಪ್ಪನ್ನು ದೇವರು ಬಿಡುತ್ತಾನೆ. ಮನುಷ್ಯನ ಹಕ್ಕನ್ನು ಮನುಷ್ಯನೇ ಬಿಡಬೇಕು, ಅದರಲ್ಲಿ ದೇವರೂ ಕೈ ಹಾಕುವುದಿಲ್ಲ. ಆ ಬಡಪಾಯಿ ಮನೆ ಬಿಟ್ಟ, ತೋಟ ಬಿಟ್ಟ, ಅಪ್ಪ ಅಮ್ಮನ ಗೋರಿ ಬಿಟ್ಟ. ನಿನ್ನ ಆ ಒಂದು ಗೇಣು ಗೋಡೆಯನ್ನು ಮಾತ್ರ ಬೆನ್ನ ಮೇಲೆ ಹೊತ್ತುಕೊಂಡು ಸಮುದ್ರ ದಾಟಬೇಕೇನು?"

ಬೆಳೆಗಾರ ಎದ್ದ. ಕತ್ತೆಗೆ ಜೀನು ಹಾಕಿದ. ಎಲ್ಲಿಗೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬುತ್ತಿ ಕಟ್ಟಿಕೊಟ್ಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತೀಯಲ್ಲವೇ? ಎನ್ನು. ಆದರೆ ಒಂದು ಮಾತು ತಿಳಿದುಕೊ. ಹಠಮಾರಿಯ ಹಠ ಕೆಟ್ಟದ್ದಕ್ಕೆ ಎಷ್ಟು ಗಟ್ಟಿಯೋ ಒಳ್ಳೆಯದಕ್ಕೂ ಅಷ್ಟೇ ಗಟ್ಟಿ. ಬಾಗಿಲು ಹಾಕಿಕೊಂಡ ಅದೇ ಹಠದಲ್ಲಿ ಅವನು ಬೆಟ್ಟ ಇಳಿದ. ದಾರಿಯಲ್ಲಿ ಸಿಕ್ಕವರು, "ಬಂಡಿಗಳು ಹೋಗಿ ಬಹಳ ಹೊತ್ತಾಯಿತು, ನಿನ್ನ ಕತ್ತೆ ಅವನ್ನು ಹಿಡಿಯುವುದುಂಟೇ, ಹಿಂದಿರುಗಯ್ಯಾ" ಎಂದರು. ಅವನು ಹಿಂದಿರುಗಲಿಲ್ಲ. ಕಣಿವೆಯ ಕಲ್ಲುದಾರಿಯಲ್ಲಿ ಕತ್ತೆ ಕುಂಟತೊಡಗಿತು. ಅದನ್ನು ಒಬ್ಬ ಕುರುಬನ ಬಳಿ ಬಿಟ್ಟು ನಡೆದ. ಮಳೆ ಬಂತು, ನಡೆದ. ಜ್ವರ ಬಂತು, ಒಂದು ಛತ್ರದ ಜಗಲಿಯಲ್ಲಿ ನಡುಗುತ್ತ ಮಲಗಿದ. ಜ್ವರ ಪೂರ್ತಿ ಬಿಡುವ ಮೊದಲೇ ಎದ್ದು ನಡೆದ. ಅವನ ಬಾಯಲ್ಲಿ ಇದ್ದದ್ದು ಎರಡೇ ಪದ. ಬಂದರಿನವರೆಗೆ ಅವನ್ನು ಹೊತ್ತುಕೊಂಡು ಹೋಗಬೇಕಿತ್ತು.

ಅವನು ಬಂದರು ಮುಟ್ಟಿದಾಗ ಹಡಗು ತುಂಬಿತ್ತು. ಏಣಿ ಎತ್ತಿದ್ದರು. ಕಟ್ಟೆಯ ಮೇಲೆ ಒಬ್ಬ ಕಾವಲಿನವನು ಬಂದೂಕು ಅಡ್ಡ ಹಿಡಿದು ಅವನನ್ನು ತಡೆದ.

"ಯಾರು ಬೇಕು ನಿನಗೆ?"

"ನನ್ನ ಪಕ್ಕದ ತೋಟದವನು."

"ತುರ್ಕನೋ ಗ್ರೀಕನೋ?"

"ಜಗಳಗಂಟ," ಎಂದ ಬೆಳೆಗಾರ. "ಅವನಿಗೆ ನಾನು ಒಂದು ಮಾತು ಹೇಳಬೇಕು."

"ಇನ್ನು ಯಾರೂ ಯಾರಿಗೂ ಏನೂ ಹೇಳುವಂತಿಲ್ಲ. ಹಡಗು ಹೊರಟಿತು. ಮನೆಗೆ ಹೋಗು."

ಬೆಳೆಗಾರ ಹೋಗಲಿಲ್ಲ. ಕಟ್ಟೆಯ ಮೇಲೆ ಮೂಟೆಗಳನ್ನು ಒಟ್ಟಿದ್ದರು, ಅವುಗಳ ತುದಿಗೆ ಹತ್ತಿ ನಿಂತ. ಹಡಗಿನ ಮೇಲೆ ತಲೆಗೆ ತಲೆ ತಾಗುವಷ್ಟು ಜನ. ಕೆಲವರು ಅಳುತ್ತಿದ್ದರು, ಕೆಲವರು ಸುಮ್ಮನೆ ದಡ ನೋಡುತ್ತಿದ್ದರು. ಅಷ್ಟು ಮುಖಗಳಲ್ಲಿ ಒಂದು ಮುಖ ಹುಡುಕುವುದಾದರೂ ಹೇಗೆ? ಹಡಗು ಅಲುಗಿತು. ಇನ್ನು ಹುಡುಕುತ್ತ ಕೂರುವ ಹೊತ್ತಲ್ಲ ಎಂದು ಅವನಿಗೆ ತಿಳಿಯಿತು. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ.

"ಹೆಲಾಲ್ ಆಗಲಿ! ಗೋಡೆಯೂ ಹೆಲಾಲ್, ಗೇಣೂ ಹೆಲಾಲ್! ಕೇಳಿಸಿತೇನೋ ತಮ್ಮಾ? ಹೆಲಾಲ್ ಆಗಲಿ!"

ಹಡಗಿನ ಮೇಲೆ ಸದ್ದು ಅಡಗಿತು. ಕಂಬಿಗೆ ಒರಗಿ ನಿಂತಿದ್ದ ಒಬ್ಬ ಮುದುಕಿ ಅವನನ್ನು ನೋಡಿದಳು. ಅವಳು ಅವನ ಊರಿನವಳಲ್ಲ, ಅವನು ಯಾರೆಂದು ಅವಳಿಗೆ ಗೊತ್ತಿಲ್ಲ.

"ನಮ್ಮದೂ ನಿಮಗೆ ಹೆಲಾಲ್ ಆಗಲಿ, ಮಗನೇ!" ಎಂದು ಕೂಗಿದಳು.

ಅವಳ ಪಕ್ಕದವನು ಕೂಗಿದ. ಅವನ ಹಿಂದಿನವರು ಕೂಗಿದರು. ಆಮೇಲೆ ಹಡಗಿಗೆ ಹಡಗೇ ಕೂಗಿತು. ಒಬ್ಬೊಬ್ಬರಿಗೂ ಊರಿನಲ್ಲಿ ಯಾರೋ ಒಬ್ಬರು ಉಳಿದುಹೋಗಿದ್ದರು, ಹೇಳಬೇಕಾದ್ದು ಏನೋ ಉಳಿದುಹೋಗಿತ್ತು. ಅದನ್ನೆಲ್ಲ ಅವರು ಗುರುತಿಲ್ಲದ ಈ ಒಬ್ಬನಿಗೆ ಕೂಗಿ ಹೇಳಿದರು. ಗ್ರೀಕರೆಂದು ಬರೆಸಿಕೊಂಡು ಹೋಗುತ್ತಿದ್ದ ಅಷ್ಟು ಜನ, ಅಷ್ಟೂ ಜನ, ತುರ್ಕಿಯಲ್ಲೇ ಕೂಗಿದರು. ಹಡಗಿನ ನಾವಿಕರು ಪರದೇಶದವರು. ಇವರಿಗೇನಾಯಿತು ಎಂದು ಅವರು ಪಿಳಿಪಿಳಿ ನೋಡುತ್ತ ನಿಂತರು.

ಹಡಗು ದೂರವಾಗುವವರೆಗೆ ಬೆಳೆಗಾರ ಕೂಗಿದ. ಗಂಟಲು ಕಟ್ಟಿಹೋಯಿತು, ಆದರೂ ಕೂಗಿದ. ಕೊನೆಗೆ ಮೂಟೆಯಿಂದ ಇಳಿದಾಗ ಕಾವಲಿನವನು ಬಂದೂಕನ್ನು ಕಟ್ಟೆಗೆ ಒರಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದ.

"ನಿನ್ನವನು ಅದರಲ್ಲಿದ್ದನೇ? ಅವನಿಗೆ ಕೇಳಿಸಿತೇ?" ಎಂದು ಕೇಳಿದ.

"ಗೊತ್ತಾಗಲಿಲ್ಲ," ಎಂದ ಬೆಳೆಗಾರ. "ಎಲ್ಲರೂ ಹೆಲಾಲ್ ಎಂದರು. ಅವನ ದನಿ ಯಾವುದೋ ತಿಳಿಯಲಿಲ್ಲ. ನನ್ನ ಮನೆಯ ಬಾಗಿಲಲ್ಲಿ ಒಂದು ಮೊಳ ದೂರದಲ್ಲಿ ನಿಂತಿದ್ದ. ಆಗ ಪಿಸುಗುಟ್ಟಿದ್ದರೂ ಸಾಕಿತ್ತು."

ಅವನು ಊರಿಗೆ ಹಿಂದಿರುಗಿ ಮತ್ತೆ ಬಹಳ ವರ್ಷ ಬದುಕಿದ. ಕಲ್ಲುಕುಟಿಗನಿಗೆ ಆ ಮಾತು ಮುಟ್ಟಿತೋ ಇಲ್ಲವೋ ಎಂಬುದು ಸಾಯುವವರೆಗೂ ಅವನಿಗೆ ತಿಳಿಯಲಿಲ್ಲ.

ಹೋಜಾ ಕತೆ ನಿಲ್ಲಿಸಿದರು. ಮಡಿಲಲ್ಲಿದ್ದ ಅಕ್ರೋಟಿನ ಸಿಪ್ಪೆಯನ್ನು ಕೊಡವಿದರು.

ನೆಜ್ಮಿ ಒಂದು ಅಕ್ರೋಟು ಕೈಗೆತ್ತಿಕೊಂಡು ಯೋಚಿಸಿದ. ಅವನು ಬುದ್ಧಿವಂತ. ಬುದ್ಧಿವಂತರಿಗೆ ಯೋಚಿಸಿದಷ್ಟೂ ಪ್ರಶ್ನೆಗಳು ಹುಟ್ಟುತ್ತವೆ.

"ಗುರುಗಳೇ, ಹಾಗಾದರೆ ನಮ್ಮ ಮಾತು ಆಡಿದ್ದರಿಂದ ಹಡಗಿನಲ್ಲಿ ಹೋದವರು ತುರ್ಕರೆಂದಾಯಿತು. ಆದರೆ ನನ್ನ ಪಕ್ಕದ ಮನೆಯ ಮುದುಕನಿಗೆ ನಮ್ಮ ಮಾತೇ ಬಾರದು. ಅವನನ್ನು ಏನೆನ್ನಬೇಕು?"

ಹೋಜಾ ಅವನ ಕೈಯಲ್ಲಿದ್ದ ಅಕ್ರೋಟನ್ನು ಕಿತ್ತುಕೊಂಡರು.

"ಅವನ ಹಡಗು ಇನ್ನೂ ದಡ ಬಿಟ್ಟಿಲ್ಲ, ನೀನು ಇಲ್ಲಿ ಕೂತು ಅವನು ಯಾರೆಂದು ಕೇಳುತ್ತಿದ್ದೀಯಲ್ಲೋ!"