ಹುಲುಗಜ್ಜನ ಸಂಜೆ ಜಪ

ಹುಲುಗಜ್ಜ ಹೊಳೆದಂಡೆಯ ಗುಡಿಸಲಲ್ಲಿ ಬುಟ್ಟಿ ಹೆಣೆಯುತ್ತ ತತ್ವಪದ ಹಾಡಿಕೊಂಡಿದ್ದ. ಆ ಹಾಡು ಕಲಿಯಲೆಂದು ಅವನದೇ ಮಂದಿಯ ಮಾರೆಪ್ಪ, ಮೀಸೆ ಬಂದ ಆಳು, ಊರು ಬಿಟ್ಟು ಬಂದು ಅವನ ಶಿಷ್ಯನಾಗಿದ್ದ.

ಶಿಷ್ಯನ ಕಣ್ಣು ಗುರುವನ್ನು ಬಿಡುತ್ತದೆಯೇ? ಮಾರೆಪ್ಪ ಒಂದು ಸಂಗತಿ ಗಮನಿಸಿದ.

ದಿನಾ ಹೊತ್ತು ಮುಳುಗುವಾಗ ಅಜ್ಜ ಬಿದಿರ ಸೀಳು ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದ. ಕೈ ಇಳಿಬಿಟ್ಟು ನೆಟ್ಟಗೆ ನಿಂತು ತನ್ನ ಹೆಸರು, ಅಪ್ಪನ ಹೆಸರು ಮೆಲ್ಲಗೆ ಹೇಳುತ್ತಿದ್ದ. ಆಮೇಲೆ ಒಳಗೆ ಹೋಗಿ ಮತ್ತೆ ಬುಟ್ಟಿ ಹಿಡಿಯುತ್ತಿದ್ದ.

ಇದೇ ದೊಡ್ಡ ಸಾಧನೆ ಇರಬೇಕು ಅಂದುಕೊಂಡ ಮಾರೆಪ್ಪ. ಕೇಳುವ ಧೈರ್ಯ ಆಗಲಿಲ್ಲ. ಗುಡಿಸಲ ಹಿಂದೆ ಹೋಗಿ ತಾನೂ ಹಾಗೇ ನಿಂತು ಹೆಸರು ಹೇಳತೊಡಗಿದ. ಮನಸ್ಸಿಗೆ ಹಿತ ಅನ್ನಿಸಿತಂತೆ, ಪಾಪ.

ಒಂದು ಸಂಜೆ ಅಜ್ಜನ ಕಣ್ಣಿಗೆ ಬಿದ್ದ.

“ಏನ್ ಮಾಡಾಕತ್ತಿ?”

“ನಿಮ್ಮ ಜಪ ರೀ ಅಜ್ಜಾ. ದಿನಾ ಮಾಡ್ತೀನಿ.”

ಅಜ್ಜ ಅವನ ಕಪಾಳಕ್ಕೆ ಬಾರಿಸಿದ. ಯಾವತ್ತೂ ಕೈ ಎತ್ತಿದವನಲ್ಲ. ಹೊಡೆದ ಕೈಯನ್ನೇ ನೋಡುತ್ತ ಅಲ್ಲೇ ಕುಸಿದು ಕೂತ.

“ತಪ್ಪಾತೇನ್ರಿ ಅಜ್ಜಾ?”

“ಅದು ಜಪ ಅಲ್ಲೋ ತಮ್ಮಾ. ಹಾಜರಿ.”

“ಯಾರಿಗೆ?”

“ಬಿಳಿ ದೊರೆಗಳಿಗೆ. ನಮ್ಮ ಮಂದಿ ಹುಟ್ಟಾ ಕಳ್ಳರು ಅಂತ ಕಾಯ್ದೆ ಮಾಡಿ, ತಂತಿ ಬೇಲಿಯೊಳಗ ಕೂಡಿಹಾಕಿದ್ರು. ಬಿದಿರು ಕಡಿಯೋ ಅಡವಿ ಸರಕಾರದ್ದಾತು. ಉಪ್ಪು ಹೇರಿಕೊಂಡು ತಿರುಗೋ ದಾರಿ ಬಂದಾತು. ನಾ ಹುಟ್ಟಿದ್ದು ಅಲ್ಲೇ. ಹೊತ್ತು ಮುಳುಗಿತಂದ್ರ ಬಾಗಿಲಿಗೆ ನಿಂತು ಹೆಸರು ಹೇಳಬೇಕಿತ್ತು. ನಾ ಸಣ್ಣಾಂವ ಇದ್ದಾಗ, ಅವ್ವಗ ಮತ್ತ ಹೆರಿಗಿ ಬ್ಯಾನಿ ಎದ್ದ ಸಂಜಿ, ಅಪ್ಪ ಸೂಲಗಿತ್ತಿನ ಕರಿಯಾಕ ಬೇಲಿ ದಾಟಿದ್ದ. ಹಾಜರಿಗೆ ನಿಲ್ಲಲಿಲ್ಲಂತ ದಾರಿಯಾಗ ಹಿಡಿದು ಎಳಕೊಂಡು ಹೋದ್ರು. ಸೂಲಗಿತ್ತಿ ಬರಲಿಲ್ಲ. ಅವ್ವ ಉಳೀಲಿಲ್ಲ, ಕೂಸೂ ಉಳೀಲಿಲ್ಲ.”

ಮಾರೆಪ್ಪ ಅವನ ಪಕ್ಕದಲ್ಲಿ ಕೂತ.

“ದೊರೆಗಳು ಹೋಗಿ ಕಾಲಾತಲ್ರೀ. ಬೇಲಿನೂ ಕಿತ್ತಾರ.”

“ಹೂಂ, ಕಿತ್ತಾರ. ಆದ್ರ ಹೊತ್ತು ಮುಳುಗಿದ್ರ ಈ ಕಾಲು ತಾವ ಏಳ್ತಾವ. ನಾಚಿಕಿಯಾಗಿ ಯಾರಿಗೂ ಹೇಳಲಿಲ್ಲ. ನಿನಗ ಹಾಡು ಅಷ್ಟ ಕೊಡಬೇಕಂತಿದ್ದೆ. ಇದನ್ನೂ ಕೊಟ್ಟುಬಿಟ್ಟೆನಲ್ಲೋ.”

ಅಜ್ಜ ಅತ್ತುಬಿಟ್ಟ.

ಮುಂದಿನ ವಾರ ಪೇಟೆಯಲ್ಲಿ ಯಾರದೋ ಅಂಗಡಿಗೆ ಕನ್ನ ಬಿತ್ತು. ಪೊಲೀಸರ ಜೀಪು ಎಲ್ಲೂ ನಿಲ್ಲದೆ ಹೊಳೆದಂಡೆಗೇ ಬಂತು. ಎಲ್ಲಿ ಕಳವಾದರೂ ಅದಕ್ಕೆ ಈ ದಾರಿಯೊಂದೇ ಗೊತ್ತು. ಹಳೇ ಕಾಯ್ದೆ ಸತ್ತು ಹೋಗಿದೆಯಂತೆ. ಆ ಸುದ್ದಿಯನ್ನು ಜೀಪಿಗೆ ಯಾರೂ ಮುಟ್ಟಿಸಿಲ್ಲ, ಅಷ್ಟೇ.

“ಯಾರಲೇ ಒಳಗ? ಎದ್ದು ನಿಂತು ಹೆಸರು ಬೊಗಳ್ರಿ” ಎಂದ ಹವಾಲ್ದಾರ.

ಅಜ್ಜ ಆಗಲೇ ಬಾಗಿಲಲ್ಲಿ ನಿಂತಿದ್ದ. ಕೈ ಇಳಿಬಿಟ್ಟಿದ್ದ. ತನ್ನ ಹೆಸರು, ಅಪ್ಪನ ಹೆಸರು ಹೇಳಿದ.

ಮಗ್ಗುಲಲ್ಲೇ ಕೂತಿದ್ದ ಮಾರೆಪ್ಪ ಬುಟ್ಟಿ ಸರಿಸಿ ಏಳಹೋದ. ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಹಿಡಿದ.

“ಏಳದಿದ್ರ ಹೊಡೀತಾರ ರೀ ಅಜ್ಜಾ” ಎಂದ ಮಾರೆಪ್ಪ ಪಿಸುದನಿಯಲ್ಲಿ.

ಹವಾಲ್ದಾರನ ಕೋಲು ಹೊಸ್ತಿಲು ದಾಟಿತು. ಅಜ್ಜ ಕೈ ತೆಗೆಯಲಿಲ್ಲ.

“ಹೊಡೀಲಿ. ನನ್ನ ಕಾಲು ನನ್ನ ಮಾತು ಕೇಳೂದಿಲ್ಲ. ನಿನ್ನವು ಇನ್ನೂ ಕೇಳ್ತಾವ. ಕೂಡು.”