ಎಳೆದರೂ ಬಾರದ ಗಿಡ

ಇದು ನಡೆದ ಊರಿನ ಹೆಸರು ನನಗೆ ಮರೆತೇಹೋಗಿದೆ, ಚಿಕ್ಕೂಸನನ್ನು ಮಾತ್ರ ಮರೆಯಲಾಗಿಲ್ಲ. ಹೆಸರು ಚಿಕ್ಕೂಸ, ಆಳು ಆರಡಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಅವ್ವ ಕೆಂಪಾಜಮ್ಮ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅವನ ತಪ್ಪು ಅಷ್ಟೇ.

ಕೆರೆ ಏರಿಯ ಕೆಳಗೆ ಒಂದು ತುಂಡು ಜೌಗು ನೆಲವಿತ್ತು. ಏರಿಯಿಂದ ಜಿನುಗಿದ ನೀರು ವರ್ಷವಿಡೀ ಅಲ್ಲೇ ನಿಲ್ಲುತ್ತಿತ್ತು. ಪಟೇಲ ತಮ್ಮಣ್ಣೇಗೌಡರು ತಮ್ಮ ಮನೆಯಲ್ಲಿ ದುಡಿದು ಸವೆದ ಕೆಂಪಾಜಮ್ಮನಿಗೆ ಆ ನೆಲ ಕೊಡುತ್ತೇನೆಂದರು. ಆದರೆ ಸುಮ್ಮನೆ ಕೊಡುವ ಆಸಾಮಿಯಲ್ಲ. ಗೌರಿಹಬ್ಬದ ದಿನ ಬಂದು ಕೈಯಾರೆ ಎಳೆದು ನೋಡುತ್ತೇನೆ, ಎಳೆದರೂ ಬಾರದ ಹಾಗೆ ಅಲ್ಲಿ ನೆಟ್ಟದ್ದು ಒಂದಾದರೂ ನಿಂತಿದ್ದರೆ ನೆಲ ನಿನ್ನದು, ಇಲ್ಲದಿದ್ದರೆ ಇಟ್ಟಿಗೆ ಸುಡುವವರಿಗೆ ಎಂದುಬಿಟ್ಟರು.

ಕೆಂಪಾಜಮ್ಮ ಕನಕಾಂಬರ ಹಾಕಿದಳು, ಕೊಳೆಯಿತು. ಸೇವಂತಿಗೆ ಹಾಕಿದಳು, ಕೊಳೆಯಿತು. ಬದನೆ ಹಾಕಿದಳು, ಅದೂ ಕೊಳೆಯಿತು. ಕೊನೆಗೆ ಮಗನನ್ನು ಕರೆದಳು. ಬೇರೆ ಯಾರಿದ್ದರು ಕರೆಯಲು, ಪಾಪ.

"ನೀರಲ್ಲಿ ಕಾಲಿಟ್ಕೊಂಡು ನಿಂತ್ರೂ ಕೊಳೀದೆ ಇರೋದನ್ನ ನೋಡಿ ತಕ್ಕೊಂಡು ಬಾ ಮಗ."

ಚಿಕ್ಕೂಸ ಕೆರೆದಂಡೆಗೆ ಹೋಗಿ ಕೂತ. ನೀರಲ್ಲಿ ಮೋಡ ಹೋಗುತ್ತಿತ್ತು. ಮೋಡದ ಮೇಲೆ ಒಂದು ಕೊಕ್ಕರೆ ನಡೆಯುತ್ತಿತ್ತು. ಅದನ್ನು ನೋಡುತ್ತ ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇಳಿಹೊತ್ತಿಗೆ ನೋಡುತ್ತಾನೆ, ಬೆಳಗಿನಿಂದ ನೀರಲ್ಲಿ ನಿಂತಿದ್ದ ಪಕ್ಕದ ಮನೆಯ ಎಮ್ಮೆ ಹಾಗೇ ನಿಂತಿದೆ, ಒಂದು ಕಾಲೂ ಕೊಳೆತಿಲ್ಲ! ಹಿಡಿದುಕೊಂಡು ಬಂದ. ನಾಲ್ಕು ಗುಂಡಿ ತೋಡಿ ನಾಲ್ಕು ಕಾಲು ಇಳಿಸಿದ. ಎಮ್ಮೆಗೆ ಹಿತವಾಗಿತ್ತು, ಕಣ್ಣುಮುಚ್ಚಿ ಮೆಲುಕು ಹಾಕುತ್ತಿತ್ತು. ಎಮ್ಮೆಯ ಒಡತಿ ಬಂದು ಬೈದ ಬೈಗುಳ ಇಲ್ಲಿ ಹೇಳುವಂಥದ್ದಲ್ಲ.

ಕೆಂಪಾಜಮ್ಮ ಹಣೆ ಬಡಿದುಕೊಂಡಳು. ಬಾಯಿರುವುದನ್ನು ತರಬೇಡವೋ, ನಿಂತಲ್ಲೇ ನಿಂತು ಮೈಮೇಲೆ ಹಸಿರು ಹೊತ್ತಿರುತ್ತಲ್ಲ, ಅಂಥದ್ದನ್ನು ತಾ ಎಂದಳು.

ಮರುದಿನ ಮತ್ತೆ ಕೆರೆ, ಮತ್ತೆ ಮೋಡ. ಬಾಯಿಲ್ಲದ್ದು, ನಿಂತಲ್ಲೇ ನಿಂತದ್ದು, ಮೈತುಂಬ ಹಸಿರಿದ್ದದ್ದು ಅವನ ಕಣ್ಣಿಗೆ ಬಿತ್ತು. ಊರ ಹೆಂಗಸರು ಬಟ್ಟೆ ಒಗೆಯುವ ಕಲ್ಲು, ಪಾಚಿ ಕಟ್ಟಿಕೊಂಡು ಮಿರಮಿರ ಮಿಂಚುತ್ತಿತ್ತು. ಉರುಳಿಸಿಕೊಂಡು ಬಂದು ನೆಟ್ಟ. ಹಿಂದೆಯೇ ಊರ ಹೆಂಗಸರೆಲ್ಲ ಬಟ್ಟೆಗಂಟು ಹೊತ್ತು ಬಂದು ಕೆಂಪಾಜಮ್ಮನ ಬಾಗಿಲಲ್ಲಿ ಜಗಳಕ್ಕೆ ನಿಂತರು.

"ಬೇರಿರ್ಬೇಕು ಕಣ್ಲಾ," ಎಂದಳು ಅವ್ವ, ಅಳುವುದೊಂದು ಬಾಕಿ. "ಬೇರೈತಾ ಅಂತ ನೋಡ್ಬೇಕು. ದಿನಾ ನೋಡ್ಬೇಕು."

ಈ ಸಲ ಚಿಕ್ಕೂಸ ಗೆದ್ದ. ಕೆಸ ತಂದ, ಬಜೆ ತಂದ, ಒಂದೆಲಗ ತಂದ, ಕೆಂಪು ಹೂವಿನ ಕಾಬಾಳೆ ತಂದ. ಎಲ್ಲಕ್ಕೂ ಬೇರಿತ್ತು, ಎಲ್ಲವೂ ನೀರು ಬೇಡುವ ಗಿಡಗಳೇ. ವಾರ ಕಳೆದರೂ ಒಂದೂ ಕೊಳೆಯಲಿಲ್ಲ. ಕೆಸದೆಲೆಯ ಮೇಲೆ ನೀರಹನಿ ಓಡಾಡುವುದನ್ನು ತಾಯಿ ಮಗ ಇಬ್ಬರೂ ಕೂತು ನೋಡಿದರು. ಕೆಂಪಾಜಮ್ಮನಿಗೆ ಎಷ್ಟೋ ವರ್ಷದ ಮೇಲೆ ಸುಖವೆನ್ನಿಸಿತು.

ಹಬ್ಬಕ್ಕೆ ಒಂದು ದಿನವಿತ್ತು. ಬೆಳಗ್ಗೆ ಹೋಗಿ ನೋಡುತ್ತಾಳೆ, ಮಗ ಒಂದೊಂದೇ ಗಿಡವನ್ನು ಕಿತ್ತು, ಬೇರು ನೋಡಿ, ಸಮಾಧಾನದಿಂದ ತಲೆಯಾಡಿಸಿ ಮತ್ತೆ ನೆಡುತ್ತಿದ್ದಾನೆ. ದಿನಾ ಹೀಗೇ ಮಾಡಿದ್ದನಂತೆ. ದಿನಾ ನೋಡು ಎಂದವಳು ಅವಳೇ ತಾನೇ. ಗಿಡಗಳು ಹಸಿರಾಗಿದ್ದವು ನಿಜ, ಒಂದಾದರೂ ಮಣ್ಣು ಕಚ್ಚಿರಲಿಲ್ಲ.

ಕೆಂಪಾಜಮ್ಮ ಬೈಯಲೂ ಇಲ್ಲ. ಕೆಸರಲ್ಲೇ ಕುಸಿದು ಕೂತಳು. "ನೆಟ್ಟ ಮ್ಯಾಲೆ ಅಲ್ಲಾಡಿಸ್ಬಾರ್ದು ಮಗ. ನೆಟ್ಟದ್ದು ನೆಟ್ಟ ಜಾಗದಾಗೇ ಇರ್ಬೇಕು. ಗೌಡ್ರು ಎಳೆದ್ರೂ ಜಗ್ಗದಂಗೆ ಒಂದು, ಒಂದೇ ಒಂದು ಇದ್ದಿದ್ರೆ ಸಾಕಾಗಿತ್ತು."

ಚಿಕ್ಕೂಸ ಅವ್ವನ ಕಣ್ಣಲ್ಲಿ ನೀರು ನೋಡಿದ. ಒಂದು ಸಾಕು ಎಂದಳಲ್ಲ, ಎಂದುಕೊಂಡ.

ಗೌರಿಹಬ್ಬದ ಬೆಳಗ್ಗೆ ಪಟೇಲರು ಆಳನ್ನು ಕರೆದುಕೊಂಡು ಬಂದರು. ಕೆಸ ಎಳೆದರು, ಬಂತು. ಬಜೆ ಎಳೆದರು, ಬಂತು. ಒಂದೆಲಗ ಬಂತು, ಕಾಬಾಳೆ ಹೂವಿನ ಸಮೇತ ಬಂತು. ಕೆಂಪಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಪಟೇಲರು ನಿಂತುಬಿಟ್ಟರು. ನೆಲದ ನಟ್ಟನಡುವೆ ಚಿಕ್ಕೂಸ ತೊಡೆಯವರೆಗೂ ಕೆಸರಲ್ಲಿ ಹೂತುಕೊಂಡು, ಎರಡೂ ಕೈ ಮೇಲೆತ್ತಿ, ಮೋಡ ನೋಡುತ್ತ ನಿಂತಿದ್ದ.

ಪಟೇಲರು ಎಳೆದರು, ಬರಲಿಲ್ಲ. ಆಳು ಎಳೆದ, ಬರಲಿಲ್ಲ. ಇಬ್ಬರೂ ಸೇರಿ ಎಳೆದು ಇಬ್ಬರೂ ಕೆಸರಿಗೆ ಬಿದ್ದರು. ಪಟೇಲರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಗು ನಿಲ್ಲಲೇ ಇಲ್ಲ.

"ಕೆಂಪಾಜಮ್ಮ, ಇದೊಂದು ಗಟ್ಟಿಯಾಗಿ ಕಚ್ಕೊಂಡದೆ. ಮಾತು ಅಂದ್ರೆ ಮಾತು. ನೆಲ ನಿಂದು."

ಅವರು ಹೋದ ಮೇಲೆ ಕೆಂಪಾಜಮ್ಮ ಓಡಿಬಂದು ಮಗನ ಕೆನ್ನೆ ಸವರಿದಳು. ನೆಲ ನಮ್ಮದಾಯಿತು, ಹೋಳಿಗೆ ಮಾಡಿದ್ದೇನೆ, ಮೇಲೆ ಬಾ ಎಂದು ಬೇಡಿಕೊಂಡಳು. ಚಿಕ್ಕೂಸ ಕೈ ಇಳಿಸಲಿಲ್ಲ.

"ನೆಟ್ಟ ಮ್ಯಾಲೆ ಅಲ್ಲಾಡ್ಬಾರ್ದು ಅಂದಿದ್ದೀಯಲ್ಲವ್ವಾ. ಹೋಳಿಗೆ ಬ್ಯಾಡ, ಒಂದು ಬಿಂದಿಗೆ ನೀರು ಹಾಕು ಸಾಕು."

ಕೆಂಪಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹೋಗಿ ಬಿಂದಿಗೆ ತಂದಳು.